ಘಟಕ ಐದು

ವಿಜ್ಞಾನ ನಿಕಾಯದ ಸಭೆ ಹನ್ನೊಂದಕ್ಕೆ ಎಂದು ಪತ್ರ,
ಇಂಡಸ್ಟ್ರಿಯವರು ಬಂದದ್ದು ಹನ್ನೆರಡೂ ಕಾಲಿಗೆ.
ಮೈಸೂರು ರಸ್ತೆಯ ಟ್ರಾಫಿಕ್ಕನ್ನು ಬೈದು, ಕೂತರು.
ಗೋಡಂಬಿ ತಟ್ಟೆಯಲ್ಲಿ ಬರೀ ಉಪ್ಪು ಉಳಿಯುವವರೆಗೆ
ನಾವು ನಮ್ಮ ನಮ್ಮ ಪರಿಚಯ ಹೇಳಿಕೊಂಡೆವು.

ಆಮೇಲೆ ಪರದೆಯ ಮೇಲೊಂದು ಚಿತ್ರ:
ಎಡಗಡೆ ನಾವು ಕಲಿಸುವುದು, ಬಲಗಡೆ ಅವರಿಗೆ ಬೇಕಾದದ್ದು,
ನಡುವೆ ಹಳ್ಳ, ಹಳ್ಳಕ್ಕೆ ನೀಲಿ ಬಣ್ಣ.
ಸೇತುವೆ ಕಟ್ಟೋಣ ಎಂದರು ಅತಿಥಿ, ಸೌಜನ್ಯದಿಂದಲೇ.
ತಳದಲ್ಲಿರುವುದು ಯಾವ ಕಲ್ಲು ಎಂದು ಯಾರೂ ಕೇಳಲಿಲ್ಲ.
ಭೂವಿಜ್ಞಾನದವನು ನಾನೊಬ್ಬನೇ; ನಾನೂ ಕೇಳಲಿಲ್ಲ.

ನಮ್ಮ ವಿಭಾಗಕ್ಕೆ ಈ ವರ್ಷ ಸೇರಿದವರು ಏಳು.
ಶಿಲಾಶಾಸ್ತ್ರದ ನಾಲ್ಕು ಕ್ರೆಡಿಟ್ಟು ಎರಡಾಗಲಿ,
ಉಳಿದೆರಡಕ್ಕೆ ಸಂವಹನ ಕೌಶಲ ಬರಲಿ ಎಂಬುದು ಸಲಹೆ.
ನಾನು ಮಾತು ಸಿದ್ಧಮಾಡಿಕೊಂಡೇ ಬಂದಿದ್ದೆ:
ಮುನ್ನೂರು ಕೋಟಿ ವರ್ಷದ ಕಲ್ಲಿನ ಮೇಲೆ ಕೂತಿದೆ ಈ ಊರು,
ಮೂರು ವರ್ಷಕ್ಕೊಮ್ಮೆ ಬದಲಾಗುವ ನಿಮ್ಮ ಬೇಡಿಕೆಗೆ...
ಇತ್ಯಾದಿ. ಚಪ್ಪಾಳೆ ಬೀಳುವ ಮಾತು.

ಬಾಯಿ ತೆರೆಯುವಷ್ಟರಲ್ಲಿ ನೆನಪಾದಳು ಶಹತಾಜ್.

ಗೋರಿಪಾಳ್ಯದವಳು. ರಾತ್ರಿ ಚಾಮರಾಜಪೇಟೆಯ ಗೋದಾಮಿನಲ್ಲಿ
ಹತ್ತು ನಿಮಿಷದೊಳಗೆ ಯಾರದೋ ಮನೆ ಸೇರಬೇಕಾದ ಟೊಮೇಟೊ ಚೀಲಕ್ಕೆ ತುಂಬಿ
ಬೆಳಗಿನ ಕ್ಲಾಸಿನಲ್ಲಿ ಕಣ್ಣು ತೆರೆದೇ ನಿದ್ದೆ ಮಾಡುತ್ತಿದ್ದಳು.
ಬಸ್ಸಿಗೆ ಅನುದಾನ ಬಾರದ ವರ್ಷ ಅದು;
ಲಾಲ್‌ಬಾಗಿನ ಬಂಡೆಯೇ ನಮ್ಮ ಕ್ಷೇತ್ರಕಾರ್ಯ.
ಜೋಡಿಗಳ ನಡುವೆ ದಾರಿ ಮಾಡಿಕೊಂಡು ಹತ್ತುವಾಗ
'ಇದಕ್ಕೆ ಕೆಲಸ ಇದೆಯಾ ಸರ್?' ಅಂದಳು.
'ತುಂಬಾ ಇದೆ' ಅಂದೆ. ಗಾಳಿ ಜೋರಾಗಿತ್ತು.

ಹೋದ ಜುಲೈಯಲ್ಲಿ, ರಾತ್ರಿ ಒಂಬತ್ತೂವರೆಗೆ ಫೋನು.
ಮೆಟ್ರೋ ಗುತ್ತಿಗೆದಾರರ ಗುತ್ತಿಗೆದಾರನೊಬ್ಬನ ಬಳಿ
ಹತ್ತು ತಿಂಗಳ ಕೆಲಸವಂತೆ. ನೆಲ ಕೊರೆದು ತೆಗೆದ ಕಲ್ಲಿನ ಕೋಲುಗಳನ್ನು
ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿಸಿ ಅಳೆದು ಬರೆಯುವುದು.
'ಹತ್ತು ಸೆಂಟಿಮೀಟರಿಗಿಂತ ಉದ್ದ ಇದ್ರೆ ಮಾತ್ರ ಲೆಕ್ಕ ಸರ್,
ಚಿಕ್ಕದು ಬಿಡಬೇಕು. ಆದ್ರೆ
ಡ್ರಿಲ್ಲಿನ ಏಟಿಗೆ ಈಗ ಮುರಿದದ್ದೋ
ಒಳಗೇ ಮೊದಲಿಂದ ಬಿರುಕು ಬಿಟ್ಟಿದ್ದದ್ದೋ
ಹೇಗೆ ಗೊತ್ತಾಗುತ್ತೆ? ನಾವು ಓದಿದ್ವಾ?'

ಓದಿರಲಿಲ್ಲ. ಅದು ಘಟಕ ಐದು.
ಹದಿನೆಂಟು ವರ್ಷದಿಂದ ನಾನು ಘಟಕ ಐದನ್ನು ಮುಟ್ಟಿಲ್ಲ.
ಬರುವುದು ಒಂದೇ ಪ್ರಶ್ನೆ, ಅದೂ ಆಯ್ಕೆಗೆ;
ಅಷ್ಟರಲ್ಲಿ ಚುನಾವಣೆ ಡ್ಯೂಟಿ, ಮೌಲ್ಯಮಾಪನ, ನ್ಯಾಕ್ ತಂಡಕ್ಕೆ ಹೂಗುಚ್ಛ.
'ನೀವೇ ಓದಿಕೊಳ್ಳಿ' ಎಂದು ಬೋರ್ಡು ಒರೆಸಿ ಹೊರಟವನು.

'ಐದು ನಿಮಿಷ, ನಾನೇ ಮಾಡ್ತೀನಿ' ಎಂದು ಫೋನಿಟ್ಟು
ಅಟ್ಟದಿಂದ ಪುಸ್ತಕ ಇಳಿಸಿ, ಹುಡುಕಿ,
ಮುಕ್ಕಾಲು ಗಂಟೆಯ ಮೇಲೆ ಹೇಳಿದೆ:
ಹೊಸ ಮುರಿತ ಹೊಳೆಯುತ್ತೆ, ಅಂಚಿಗೆ ಅಂಚು ಕೂರುತ್ತೆ.
ಅದನ್ನು ಜೋಡಿಸಿ ಒಂದೇ ತುಂಡು ಅಂತ ಅಳೆ.
ಹಳೆಯ ಬಿರುಕಿಗೆ ತುಕ್ಕಿನ ಬಣ್ಣ,
ನೀರು ಓಡಾಡಿದ ಗುರುತು.
'ಇಷ್ಟೇನಾ?' ಅಂದಳು.
ಬೈದ ಹಾಗೆ ಕೇಳಿಸಿತು. ಬೈದಿರಲಿಲ್ಲ.

ಈಗ ಸಭೆಯಲ್ಲಿ ಎಲ್ಲರ ಕಣ್ಣೂ ನನ್ನ ಮೇಲೆ.
ಮುನ್ನೂರು ಕೋಟಿ ವರ್ಷ ಗಂಟಲಲ್ಲೇ ನಿಂತಿದೆ.
ಪಾಪ, ಅತಿಥಿಗೆ ಘಟಕ ಐದು ಇದೆಯೆಂದೇ ಗೊತ್ತಿಲ್ಲ.
'ಎರಡಾದರೂ ಇರಲಿ' ಎಂದೆ, 'ಐದನೆಯದರಿಂದ ಶುರು ಮಾಡುತ್ತೇನೆ.'
ಯಾರಿಗೂ ಅರ್ಥವಾಗಲಿಲ್ಲ. ನಡಾವಳಿಯಲ್ಲಿ ಬರೆದುಕೊಂಡರು:
ಚರ್ಚಿಸಲಾಯಿತು.

ಶಹತಾಜಳ ಹತ್ತು ತಿಂಗಳು ಮೇಯಲ್ಲಿ ಮುಗಿಯಿತು.
ಮತ್ತೆ ಗೋದಾಮಂತೆ; ಬೇರೆಯವರು ಹೇಳಿದ್ದು.
ಮಾಗಡಿ ರಸ್ತೆ ದಾಟಿದ ಮೇಲೆ ರೈಲು ನೆಲದೊಳಗೆ ಇಳಿಯಿತು.
ಅವಳು ಅಳೆದದ್ದು ಈ ಸುರಂಗವಲ್ಲ,
ಇನ್ನೂ ತೆರೆಯದ ಒಂದು.
ತೆರೆದ ದಿನ ಹೋಗಬೇಕು,
ಸಾಲಿನಲ್ಲಿ ನಿಂತು, ಟಿಕೆಟ್ಟು ಕೊಂಡು.