ಗುರುವಾರ, ಮಧ್ಯಾಹ್ನ ಎರಡು

ಆವಿಗೆ ಕಾಯುವವನು ನಾನು. ಡುನೆಡಿನ್ನಿನ ಕಲಾಶಾಲೆಯ
ನೆಲಮಾಳಿಗೆಯಲ್ಲಿ ಇಪ್ಪತ್ತೆರಡು ವರ್ಷ.
ಯಾರ ಮಡಕೆ ಬಿರಿಯುತ್ತದೆ, ಯಾರದು ಉಳಿಯುತ್ತದೆ,
ಬಾಗಿಲು ಮುಚ್ಚುವ ಮೊದಲೇ ಹೇಳಬಲ್ಲೆ.
ಪೆನೀನಾಳ ವಿಷಯದಲ್ಲಿ ಮಾತ್ರ ತಪ್ಪಿದೆ.

ಹಗಲು ದಂತವೈದ್ಯ ಕಾಲೇಜು, ಸಂಜೆ ನನ್ನ ತಿಗರಿ.
ಓಡೋಡಿ ಬರುತ್ತಾಳೆ ಇಳಿಜಾರು ಬೀದಿಯಲ್ಲಿ,
ಬಿಳಿ ಕೋಟಿನ ಮೇಲೆಯೇ ಮಣ್ಣಿನ ಏಪ್ರನ್ನು,
ಕೂದಲಲ್ಲಿ ಲವಂಗದೆಣ್ಣೆಯ ವಾಸನೆ.
ಗುರುವಾರ ಎರಡಕ್ಕೆ ಅಲ್ಲೂ ಹಾಜರಿ, ಇಲ್ಲೂ ಹಾಜರಿ;
ವೇಳಾಪಟ್ಟಿ ಮಾಡಿದವರಿಗೆ
ಒಬ್ಬಳಿಗೆ ಒಂದೇ ದೇಹ ಎಂಬುದು ಗೊತ್ತಿರಲಿಲ್ಲ,
ಅಥವಾ ಚೆನ್ನಾಗಿ ಗೊತ್ತಿತ್ತು.

ಅಲ್ಲಿಯ ಮೇಷ್ಟ್ರು ಅಂದರಂತೆ:
"ಎಷ್ಟು ಹೊತ್ತಮ್ಮ ಒಂದು ಹಲ್ಲಿಗೆ? ಶಿಲ್ಪ ಕಡೆಯುತ್ತಿದ್ದೀಯಾ?"
ಇಲ್ಲಿಯವರು ಬಟ್ಟಲು ತಿರುಗಿಸಿ ನೋಡಿ:
"ಅಂಚು ಬಲು ನೀಟು. ಬಾಯಿ ತೊಳೆದುಕೊಂಡ ಹಾಗಿದೆ."
ಎರಡೂ ಬೈಗುಳ ನನಗೆ ಒಪ್ಪಿಸಿ
ಕೆನ್ನೆಗೆ ಮಣ್ಣು ಬಳಿದುಕೊಂಡು ನಕ್ಕಳು.

ಜುಲೈ. ದಕ್ಷಿಣದ ಗಾಳಿ ಕಿಟಕಿ ಕಚ್ಚುತ್ತಿತ್ತು.
ಅಪ್ಪನ ಫೋನು ಬಂತು, ಇನ್ವರ್ಕಾರ್ಗಿಲ್‌ನಿಂದ,
ಕಸಾಯಿಖಾನೆಯ ಪಾಳಿ ಮುಗಿಸಿ.
ಸಮೋವನ್ ಭಾಷೆ ನನಗೆ ತಿಳಿಯದು.
ಮಾತು ಯಾವುದರ ಬಗ್ಗೆ ಎಂದು
ಅವಳು ಬೆರಳು ಒರೆಸಿಕೊಂಡ ರೀತಿಯಲ್ಲೇ ತಿಳಿಯಿತು.

ನಾನೂ ಅಂದೆ, ಮುದುಕರು ಅನ್ನುವಂತೆ:
ಎರಡು ದೋಣಿಗೆ ಕಾಲಿಟ್ಟವರು ದಡ ಸೇರಿದ್ದುಂಟೆ?
ಅವಳು ತಿಗರಿ ನಿಲ್ಲಿಸಲಿಲ್ಲ.
"ನಮ್ಮಜ್ಜಂದಿರ ಹಡಗಿಗೆ ಎರಡೇ ಒಡಲು.
ತೆಂಗಿನ ನಾರಲ್ಲಿ ಬಿಗಿದು, ನಡುವೆ ಹಲಗೆ ಹಾಸಿ
ಹಂದಿ, ಮಕ್ಕಳು, ಗೆಡ್ಡೆ, ಬೆಂಕಿ ಎಲ್ಲ ಹೇರಿ
ಈ ಸಮುದ್ರ ದಾಟಿದರು.
ಒಂದೇ ಆಗಿದ್ದರೆ ಮಗುಚುತ್ತಿತ್ತು."
ಆಮೇಲೆ ಸಣ್ಣಗೆ: "ನಾರು ಸಡಿಲಾಗುತ್ತೆ, ನಿಜ.
ರಾತ್ರಿಯೆಲ್ಲ ಯಾರಾದರೂ ಎದ್ದು ಬಿಗಿಯಬೇಕಿತ್ತಂತೆ."

ಆ ವಾರ ಅವಳ ಹನ್ನೊಂದು ಬಟ್ಟಲಲ್ಲಿ ಒಂಬತ್ತು ಬಿರಿದವು.
ಬಂದು ಬಟ್ಟೆ ಹೊದಿಸಬೇಕಾದ ಹೊತ್ತಿಗೆ
ಯಾರದೋ ಹಲ್ಲಿನ ಬೇರಿನಲ್ಲಿ ಸಿಕ್ಕಿಕೊಂಡಿದ್ದಳು.
ಚೂರು ಆರಿಸಲಿಲ್ಲ. ಅಳಲೂ ಇಲ್ಲ.
ಬೆಂಚಿನ ಮೇಲೆ ಹತ್ತು ನಿಮಿಷ ನಿದ್ದೆ ಮಾಡಿ ಹೋದಳು.

ಕಲಿಯುವವರ ಕೈಗೆ ಬಾಯಿ ಕೊಟ್ಟರೆ ಅರ್ಧ ದುಡ್ಡು.
ಎಡದವಡೆಯ ಮುರುಕು ಹಲ್ಲನ್ನು ಅವಳಿಗೇ ಒಪ್ಪಿಸಿದೆ.
ಮೇಲೆ ದೀಪ. ಮಾಸ್ಕಿನ ಮೇಲಿನ ಆ ಕಣ್ಣು
ತಿಗರಿಗೆ ಬಾಗಿದಾಗಿನ ಕಣ್ಣೇ.
ಕ್ಯಾಪಿಗೆ ಪಿಂಗಾಣಿ ಹುಡಿ ಕಲಸಿದಳು;
ಅಚ್ಚ ಬಿಳಿ ಬೇಡ ಅನ್ನಿಸಿತೋ ಏನೋ,
ನಲವತ್ತು ವರ್ಷದ ಚಹಾ ಬೆರೆಸಿದಳು,
ಪೈಪಿನ ಹೊಗೆ ಒಂದು ಚಿಟಿಕೆ,
ಕೂದಲೆಳೆಯಷ್ಟು ಬಿರುಕು.

ಪರೀಕ್ಷಕ ಬಂದ. ಕನ್ನಡಿ ಆಡಿಸಿದ, ಬೆಳಕು ಹೊರಳಿಸಿದ.
"ಹೊಸದು ಯಾವುದು?" ಎಂದ.
ನನ್ನ ಬಾಯಿ ತೆರೆದೇ ಇತ್ತು, ಹೇಳಲಾಗಲಿಲ್ಲ.
ಅವಳೂ ಹೇಳಲಿಲ್ಲ.

ಈಗ ಬ್ರೆಡ್ಡಿನ ಗಟ್ಟಿ ಅಂಚನ್ನು ಆ ಕಡೆಯೇ ಅಗಿಯುತ್ತೇನೆ.
ಉಳಿದ ಎರಡು ಬಟ್ಟಲಲ್ಲಿ ಒಂದು ನನ್ನ ಮೇಜಿನ ಮೇಲಿದೆ,
ಸ್ವಲ್ಪ ವಾಲಿಕೊಂಡು.
ಬರುವ ಗುರುವಾರ ಎರಡಕ್ಕೆ ಎಲ್ಲಿರುತ್ತಾಳೆ ಅಂತ ಕೇಳಿಲ್ಲ.
ಆವಿಗೆ ಬೆಚ್ಚಗಿಟ್ಟಿರುತ್ತೇನೆ.