ಒಗೆದ ನೋಟು

ಮಂಡಿಪೇಟೆ, ಮಧ್ಯಾಹ್ನ ಎರಡೂವರೆ.
ಕೊಟ್ರಬಸಪ್ಪನವರ ಭತ್ತದ ಅಂಗಡಿ.
ಎಣಿಸುವ ಮಿಷನ್ನು ಮತ್ತೆ ನಿಂತಿದೆ,
ಕೀಂ ಎಂದು ಒಂದೇ ಸಮ ಕೂಗುತ್ತ.
"ಬಾರಪ್ಪ ಮಾಲತೇಶ, ನಿನ್ನ ಕೂಸು ಅಳಾಕ್ ಹತ್ತೈತಿ,"
ಎಂದರು ಸಾಹುಕಾರರು, ಎಲೆ ಮಡಿಸುತ್ತ.

ಮುಚ್ಚಳ ಬಿಚ್ಚಿದೆ.
ತೌಡಿನ ಧೂಳು, ನೋಟಿನ ಧೂಳು,
ಯಾರದೋ ಅರಿಶಿನ, ಒಂದು ಸತ್ತ ಇರುವೆ.
ಸಾಲಾಗಿ ಕೂತ ಕಣ್ಣುಗಳು, ಸಾಸಿವೆಯಷ್ಟೇ.
ನಿಮಿಷಕ್ಕೆ ಸಾವಿರ ನೋಟು ಇವುಗಳ ಮುಂದೆ ಓಡಬೇಕು.
ಒಂದೊಂದಕ್ಕೆ ಸಿಗುವ ಹೊತ್ತು
ನೀವು ರೆಪ್ಪೆ ಬಡಿಯುವುದರ ಅರ್ಧ.
ಅಷ್ಟರಲ್ಲಿ ಹೇಳಬೇಕು: ಹೌದು, ಅಲ್ಲ.
ನಮ್ಮತ್ತೆ ವರನನ್ನು ನೋಡಲು ಹನ್ನೊಂದು ತಿಂಗಳು ತಗೊಂಡಳು,
ಆದರೂ ತಪ್ಪಿತು.

ನೋಟಕ್ಕೂ ನೋಟಿಗೂ ನಡುವೆ ಇರುವುದು ಒಂದು ಕೊಂಬು.
ಆ ಕೊಂಬು ಹಿಡಿದೇ ನಾನು ಹೊಟ್ಟೆ ಹೊರೆಯುವುದು.

ಕಾಡುವುದು ವೇಗವಲ್ಲ, ನಡುಕ.
ಓಡುವ ಹಾಳೆ ಗಾಳಿಗೆ ಬಳುಕಿ
ಗಾಜಿನಿಂದ ಕೂದಲೆಳೆಯಷ್ಟು ದೂರ ಸರಿದರೂ
ಬೆಳಕು ಬೇರೆ ಕಡೆ ಬಿದ್ದು
ಬೆಳ್ಳಿದಾರ ಬರೀ ಕಲೆಯಾಗುತ್ತದೆ.
ಸವೆದ ರಬ್ಬರು ಗಾಲಿ ತೆಗೆದು ಹೊಸದು ಕೂರಿಸಿದೆ,
ದಾರಿಗೊಂದು ತೆಳು ತಗಡಿನ ಅಂಚು ಕೊಟ್ಟೆ,
ಹಾಳೆ ಗಾಜಿಗೆ ಒರಗಿಕೊಂಡೇ ಹೋಗುವಂತೆ.
ಸ್ಪಿರಿಟ್ಟಿನ ಹತ್ತಿಯಲ್ಲಿ ಕಣ್ಣೊರೆಸಿ
ಬಿಳಿ ಹಾಳೆ ತೋರಿಸಿದೆ: "ಇದು ಬಿಳಿ, ನೆನಪಿಟ್ಟುಕೋ."
ಅದು ಕಲಿಯಿತು. ಮಿಷನ್ನಿಗೆ ಹಟ ಇಲ್ಲ.

ಆದರೂ ಖೈರೂಬಿಯ ಕಟ್ಟು ಹಾಕಿದ ಕೂಡಲೇ
ಕೀಂ.

ಮಂಡಕ್ಕಿ ಭಟ್ಟಿಯ ಖೈರೂಬಿ,
ವಾರಕ್ಕೆರಡು ಸಲ ಭತ್ತಕ್ಕೆ ಬರುವವಳು,
ಬಾಗಿಲ ಹತ್ತಿರ ನಿಂತಿದ್ದಳು,
ತನ್ನ ಹೆಸರನ್ನೇ ಮಿಷನ್ನು ಕೂಗಿದ ಹಾಗೆ.
ನೂರು ನೋಟಿಗೆ ಹದಿನಾರು ಹೊರಗೆ.
ಗುಮಾಸ್ತ ಏನೂ ಅನ್ನಲಿಲ್ಲ.
ಅನ್ನದೆ ಇರುವುದರಲ್ಲಿ ಅವನು ಪಳಗಿದವನು.

ಹದಿನಾರನ್ನೂ ಕಿಟಕಿಗೆ ಹಿಡಿದೆ.
ದಾರ ಇತ್ತು, ನೀರುಗುರುತು ಇತ್ತು,
ಬೆರಳಿಗೆ ತಾಗುವ ಉಬ್ಬು ಮಾತ್ರ ಸವೆದಿತ್ತು.
ಮೂಸಿದೆ.
ಸೋಪಿನ ಪುಡಿ.

"ಒಗೀತೀರೇನ್ರಿ ಇವನ್ನ?"
"ಸಾಹುಕಾರ್ರೇ ಅಂದ್ರಲ್ಲಪ್ಪ ಹಿಂದಿನ ತಿಂಗಳು,
ನಿನ್ನ ನೋಟೆಲ್ಲ ಎಣ್ಣೆ, ಮಿಷನ್ ಹೊಲಸಾಗ್ತೈತಿ ಅಂತ.
ಮಿರ್ಚಿ ಅಂಗಡಿಯೋರು ಕೊಡೋದೇ ಹಂಗೆ.
ರಾತ್ರಿ ನೆನೆ ಹಾಕಿ, ತಿಕ್ಕಿ,
ಭಟ್ಟಿ ಮಗ್ಗುಲಿಗೆ ಒಣಗಿಸ್ತೀನಿ, ಒಂದೊಂದೇ."

ಎಣ್ಣೆ ಕುಡಿದ ಹಾಳೆಯಲ್ಲಿ ಬೆಳಕು ತೂರಿಹೋಗುತ್ತದೆ:
ಅದು ಆಗಿನ ಕೀಂ.
ನೇರಳೆ ದೀಪದಡಿ ಅಸಲಿ ಕಾಗದ ಕಪ್ಪಗೆ ಸುಮ್ಮನಿರಬೇಕು,
ಹೊಳೆಯುವುದು ಕಳ್ಳ ಹಾಳೆ.
ಸೋಪಿನ ಬಿಳುಪೂ ಹಾಗೇ ಫಳ್ಳೆನ್ನುತ್ತದೆ:
ಇದು ಈಗಿನ ಕೀಂ.

ಸಾಹುಕಾರರಿಗೆ ಅಂಗೈ ಮರೆಯಲ್ಲಿ ದೀಪ ಹಿಡಿದು ತೋರಿಸಿದೆ
ಖೈರೂಬಿಯ ನೋಟಿನ ನೀಲಿ ಹೊಳಪು,
ಪಕ್ಕದಲ್ಲಿ ಅವರದೇ ಪಂಚೆಯ ಅಂಚು.
ಎರಡೂ ಒಂದೇ, ದೀಪಾವಳಿ.
ಅವರು ಪಂಚೆ ಒಳಗೆಳೆದುಕೊಂಡರು.

ಗೆರೆ ಸಡಿಲಿಸಿದರೆ ಕಳ್ಳನೂ ಒಳಗೆ,
ಬಿಗಿ ಮಾಡಿದರೆ ಇವಳು ಹೊರಗೆ.
ಒಂದೇ ಕಣ್ಣಿನ ಮಾತು ಕೇಳಬೇಡವೆಂದು ಮಿಷನ್ನಿಗೆ ಹೇಳಿದೆ.
ಮೂವರು ಹೌದೆಂದು ಒಬ್ಬ ಅಲ್ಲವೆಂದರೆ
ಕೂಗಬೇಡ, ಪಕ್ಕದ ಗೂಡಿಗೆ ಹಾಕು,
ಮನುಷ್ಯರು ನೋಡಲಿ.
ಸಂಜೆವರೆಗೆ ಹಿಡಿಯಿತು.
ಕೂಗು ಹದಿನಾರರಿಂದ ಎರಡಕ್ಕಿಳಿಯಿತು.

"ಇನ್ನ ಒಗೀಬ್ಯಾಡ್ರಿ," ಎಂದೆ.
"ಹೊಲಸೇ ಇರ್ಲಾ?"
"ಒಣ ಬಟ್ಟೇಲಿ ಒರೆಸ್ರಿ, ಸಾಕು."
ನಕ್ಕಳೋ ಇಲ್ಲವೋ, ಸೆರಗು ಬಾಯಿಗಿತ್ತು.

ಉಳಿದ ಎರಡರಲ್ಲಿ ಒಂದು ಹರಿದು ಅಂಟಿಸಿದ್ದು.
ಇನ್ನೊಂದು, ಹತ್ತು ಸಲ ಹಾಕಿದರೆ ಏಳು ಸಲ ಅಸಲಿ.
ನೂರರದ್ದು. ಮೂಲೆಯಲ್ಲಿ ಪೆನ್ನಿನಲ್ಲಿ ಯಾರದೋ ಚೀಟಿ:
ಬೆಲ್ಲ ೨, ರಿಬ್ಬನ್.
ನನ್ನ ಕೂಲಿಯಲ್ಲಿ ಅದನ್ನೇ ಕೇಳಿ ತಗೊಂಡೆ.

ಪರ್ಸಿನಲ್ಲಿದೆ ಇನ್ನೂ.
ದೋಸೆ ಅಂಗಡಿಯ ಗಲ್ಲಾದ ಮುಂದೆ
ಒಂದೆರಡು ಸಲ ಕೈಗೆ ಬಂತು.
ಬೇರೆ ನೋಟು ಕೊಟ್ಟೆ.