ಮೇಲೊಂದು

ಹತ್ತರ ಮೇಲೊಂದು, ಐವತ್ತರ ಮೇಲೊಂದು,
ನೂರರ ಮೇಲೊಂದು.
ಮುಯ್ಯಿ ಸೊನ್ನೆಗೆ ನಿಲ್ಲಬಾರದು ಅಂತ
ಯಾರು ಮಾಡಿಟ್ಟ ಕಟ್ಟಳೆಯೋ.
ಮಂಡ್ಯದ ಛತ್ರಗಳ ಬಾಗಿಲಲ್ಲಿ
ಗಂಧದ ಬಟ್ಟಲಿಗೂ ಕಲ್ಲುಸಕ್ಕರೆಗೂ ನಡುವೆ
ಇಪ್ಪತ್ತೊಂಬತ್ತು ವರ್ಷ ಕೂತು
ಮುಯ್ಯಿ ಬರೆದವನು ನಾನು.

'ಚಿಕ್ಕತಾಯಮ್ಮ, ಕೀಲಾರ, ಹನ್ನೊಂದು.'
'ಬೋರಲಿಂಗಯ್ಯ, ಹೊಳಲು, ಐವತ್ತೊಂದು. ಬರ್ಕೊಂಡ್ರಾ?'
ಓದು ಬಾರದವರೇ ಹೆಚ್ಚು ಬಗ್ಗಿ ನೋಡಿ
ಊಟದ ಕಡೆ ನಡೆಯುತ್ತಿದ್ದರು.

ಒಂದು ಮದುವೆಗೆ ಒಂದೇ ನೋಟು, ಅದು ನನ್ನ ಕಾನೂನು.
ಚೀಲ ಒಪ್ಪಿಸುವ ಮುಂಚೆ, ಹೆಣ್ಣಿನ ತಂದೆಯ ಎದುರಿಗೇ,
ಹಳೆಯದೊಂದು ರೂಪಾಯಿ ಆರಿಸಿಕೊಂಡು
ಜೇಬಿನಿಂದ ಗರಿಗರಿಯದೊಂದು ಇಡುತ್ತಿದ್ದೆ.
'ಇದೇನ್ ಹುಚ್ಚು ಶಿಂಗ್ರಿಗೌಡ್ರೇ!'

ಹುಚ್ಚೇ.
ಸುಣ್ಣದ ಬೆರಳು ಒತ್ತಿದ್ದು, ಸೊಂಟದ ಬೆವರಿಗೆ
ನಾಲ್ಕು ಮಡಿಕೆಯಾದದ್ದು, ಬ್ಯಾಂಕಿನ ಪಿನ್ನು ಚುಚ್ಚಿದ್ದು.
ಬೆಲ್ಲ ಅಂಟಿ ಮೂಲೆಯನ್ನು ಇರುವೆ ತಿಂದದ್ದು
ಆಲೆಮನೆ ದೊಡ್ಡಪಾಪಣ್ಣನದು, ಕೇಳಬೇಕಿಲ್ಲ.

ದೊಡ್ಡ ನೋಟಿನಲ್ಲಿ ಯಾರೋ ಮಾತು ಕೊಟ್ಟಿರುತ್ತಾರೆ,
ಇಷ್ಟು ರೂಪಾಯಿ ಸಲ್ಲಿಸುತ್ತೇನೆ ಅಂತ, ಕೆಳಗೆ ರುಜು.
ಒಂದು ರೂಪಾಯಿಯಲ್ಲಿ ಆ ಸಾಲಿಲ್ಲ. ಹುಡುಕಿ ನೋಡಿ.
ಸರ್ಕಾರ ಸುಮ್ಮನಿದ್ದ ಜಾಗದಲ್ಲಿ
ಚಿಕ್ಕತಾಯಮ್ಮನ ಮನೆಗೆ ತಿರುಗಿ ಹೋಗಬೇಕಾದ
ಹನ್ನೊಂದೋ ಹನ್ನೆರಡೋ ಕೂತಿರುತ್ತಿತ್ತು.

ಹೋದ ತಿಂಗಳು ಮೈಸೂರಿಗೆ ಕೊಂಡೊಯ್ದೆ.
ಚಿಕ್ಕ ಗಡಿಯಾರದ ಹಿಂದೆ ಇನಾಯತ್ ಸಾಬರು
ಚಿಮಟದಲ್ಲಿ ಒಂದೊಂದೇ ಎತ್ತಿ, ಭೂತಗನ್ನಡಿ ಹಿಡಿದು,
'ಮಡಿಕೆ. ತೂತು. ಅಯ್ಯೋ, ಇದಕ್ಕೆ ಅರಿಶಿನ!
ಅರಿಶಿನ ಬಿದ್ರೆ ಅರ್ಧ ಬೆಲೆ ಗೌಡ್ರೇ.
ಯಾರ ಕೈಗೂ ಹೋಗದ ನೋಟಿದ್ರೆ ತನ್ನಿ' ಎಂದು
ಟೀ ಕುಡಿಸಿ ಕಳಿಸಿದರು.

ಆ ಅರಿಶಿನದ್ದು ಪುಟ್ಟಲಿಂಗಿಯ ಮದುವೆಯದು.
ಅವತ್ತು ಜೇಬಿನಲ್ಲಿ ಬದಲಿ ಇರಲಿಲ್ಲ.
ನಾಳೆ ಕೊಡ್ತೀನಿ ಅಂದೆ. ಅವಳಪ್ಪ 'ಇರಲಿ ಬಿಡಿ' ಅಂದ.
ಆ ನಾಳೆ ಮೂವತ್ತು ವರ್ಷ ಬರಲಿಲ್ಲ, ಅಪ್ಪನೂ ಉಳಿಯಲಿಲ್ಲ.
ನನ್ನ ಪುಸ್ತಕದಲ್ಲಿ ಐವತ್ತೊಂದು ಅಂತಿರುವ ಸಾಲು
ಅವಳ ಚೀಲದಲ್ಲಿ ಐವತ್ತಕ್ಕೇ ನಿಂತಿತ್ತು.
ಸೊನ್ನೆಗೆ.

ಮೊನ್ನೆ ಅವಳ ಮಗಳ ಮದುವೆ.
ಛತ್ರದ ಬಾಗಿಲಲ್ಲಿ ನಾನು ಕೂರುತ್ತಿದ್ದ ಮೇಜಿನ ಮೇಲೆ
ಕಪ್ಪು ಚುಕ್ಕಿಯ ಚೌಕವೊಂದು ನಿಲ್ಲಿಸಿದ್ದರು.
ಜನ ಫೋನು ತೋರಿಸುತ್ತಿದ್ದರು, ಅದು ಹೆಂಗಸಿನ ದನಿಯಲ್ಲಿ
ಐನೂರು ಬಂತು ಅನ್ನುತ್ತಿತ್ತು. ಸಾವಿರ ಬಂತು ಅನ್ನುತ್ತಿತ್ತು.
ಮೇಲೊಂದು ಮಾತ್ರ ಯಾವಾಗಲೋ ಒಮ್ಮೆ.

ಧಾರೆ ಮುಗಿದ ಮೇಲೆ ಪುಟ್ಟಲಿಂಗಿಯ ಅಂಗೈಗೆ
ಆ ನೋಟಿಟ್ಟೆ.
ಅವಳು ಹಿಂದೆ ಮುಂದೆ ತಿರುಗಿಸಿ,
ಮೂಸಿ,
'ಇದು ಈಗ ನಡೀತದಾ ಮಾವ?' ಅಂದಳು.

ನಾನು ಊಟದ ಕಡೆ ನಡೆದೆ.